ಗಳಕ್ಕೆ ಕಟ್ಟಿದ ಗಂಟು

ಅರಿಶಿನದ ವಾಸನೆ ಅಡುಗೆಮನೆಯಿಂದ ಬಂದರೆ ಯಾರೂ ಬೆಚ್ಚುವುದಿಲ್ಲ. ಇವತ್ತು ಬೆಳಿಗ್ಗೆ ನನಗೆ ಅದು ಮಗಳ ಗಳದಿಂದ ಬಂತು. ಮಗಳು ಕಾಲೇಜಿನಲ್ಲಿ ಪೋಲ್ ವಾಲ್ಟ್, ಅಂದರೆ ಉದ್ದನೆಯ ಗಳ ಊರಿ ಎತ್ತರ ಹಾರುವ ಆಟ, ಆಡುತ್ತಾಳೆ. ನಾಳೆ ರಾಷ್ಟ್ರೀಯ ಕೂಟಕ್ಕೆ ಹೊರಡಬೇಕು. ನಂಜನಗೂಡಿನ ನಮ್ಮ ಮನೆಯ ಜಗಲಿಯಲ್ಲಿ, ಗೋಡೆಗುಂಟ ಮಲಗಿಸಿದ್ದ ಅವಳ ಫೈಬರ್ ಗಳದ ನಡುವೆ ಹಳದಿ ಬಟ್ಟೆಯ ಗಂಟೊಂದು ಕೂತಿತ್ತು. ಕೈಲಿದ್ದ ಪೇಪರ್ ಎಸೆದು ಎದ್ದೆ. ಯಾಕೆ ಅಂತೀರಾ? ಸ್ವಲ್ಪ ಹಿಂದಕ್ಕೆ ಹೋಗಬೇಕು, ಬನ್ನಿ.

ನಾನೂ ಒಂದು ಕಾಲದಲ್ಲಿ ಹಾರುತ್ತಿದ್ದೆ. ಈಗಿನ ಹೊಟ್ಟೆ ನೋಡಿದವರು ನಂಬುವುದಿಲ್ಲ, ಟಿ. ನರಸೀಪುರದಲ್ಲಿ ನಾನು ಮೇಷ್ಟ್ರಾಗಿರುವ ಶಾಲೆಯ ಮಕ್ಕಳಂತೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತವೆ. ಆದರೆ ಕಾಲೇಜಿನ ಕೊನೆಯ ವರ್ಷ ರಾಷ್ಟ್ರೀಯ ಕೂಟಕ್ಕೆ ಆಯ್ಕೆಯಾಗಿದ್ದವನು ನಾನೇ. ನನ್ನ ತೂಕಕ್ಕೆ ಹೊಂದುವ ಫೈಬರ್ ಗಳ ಕಾಲೇಜಿನಲ್ಲಿದ್ದದ್ದು ಒಂದೇ. ಅದನ್ನು ಅಲ್ಲಿಯೇ ಬಿಟ್ಟು ಬರಲು ನನಗೆ ನಂಬಿಕೆಯಿಲ್ಲ. ಚಿಕ್ಕಯ್ಯನಛತ್ರದಿಂದ ಬರುತ್ತಿದ್ದ ರಾಚಪ್ಪ ನನ್ನ ನಂತರದ ಸ್ಥಾನದವನು. ತನ್ನದೇ ಗಳವಿದ್ದರೂ ನನ್ನದನ್ನು ಸವರಿ ಸವರಿ ನೋಡುತ್ತಿದ್ದ. ನಾನು ಹೋಗದಿದ್ದರೆ ಅವನು ಹೋಗುತ್ತಾನೆ. ಅನುಮಾನಕ್ಕೆ ಇನ್ನೇನು ಬೇಕು? ದಿನಾ ಸಂಜೆ ಗಳವನ್ನು ಹೆಗಲ ಮೇಲೆ ಹೊತ್ತು ಮನೆಗೆ ತರುತ್ತಿದ್ದೆ. ತಿರುವಿನಲ್ಲಿ ಸೈಕಲ್ಲಿನವರ ಬೈಗುಳ ತಪ್ಪಿದ ದಿನವಿಲ್ಲ.

ಅನುಮಾನ ನಮಗೆ ಅವ್ವನಿಂದ ಬಂದ ಆಸ್ತಿ. ಹಾಲಿನವನು ಬಂದರೆ ಮೊದಲು ಹಾಲಿಗೆ ಬೆರಳು ಅದ್ದಿ, ಆಮೇಲೆ ಅವನ ಮುಖ ನೋಡುತ್ತಿದ್ದಳು. ಎದುರುಮನೆಯ ಪುಟ್ಟತಾಯಮ್ಮ ಬಾಗಿಲಿಗೆ ಬಂದರಂತೂ ಮುಗಿಯಿತು.

"ಬಿರ್ನೆ ಒಳೀಕ್ ಬಾ. ಅವ್ಳ ಕಣ್ಣು ನಿನ್ ಗಳದ ಮ್ಯಾಲೇ ಅದೆ ಕಣ್ಲಾ."

"ಬಸ್ ಬತ್ತದಾ ಅಂತ ನೋಡ್ತಾವ್ರೆ ಕಣವ್ವ."

"ಬಸ್ಸು ಬರೋದು ಆ ಕಡೆಯಿಂದ. ನಂಗೊತ್ತಿಲ್ವಾ?"

ಕೂಟಕ್ಕೆ ಹೊರಡುವ ಹಿಂದಿನ ದಿನ, ಗಳದ ಮೇಲೆ ಬೆರಳಾಡಿಸುತ್ತಿದ್ದ ನಮ್ಮ ಕೋಚ್ ಥಟ್ಟನೆ ನಿಲ್ಲಿಸಿದರು. ಗಳದ ಸುತ್ತ ಉಂಗುರದಂತೆ ಒಂದು ಸಣ್ಣ ಗೀರು.

"ಬಗ್ಗಿದಾಗ ಇಲ್ಲೇ ಮುರಿಯುತ್ತೆ. ಮುರಿದ ತುದಿ ನಿನ್ನ ಹೊಟ್ಟೆಗೇ. ನಾನು ಕಳಿಸಲ್ಲ ಕಣಪ್ಪ."

ಬೇರೆ ಗಳ ಸಿಗಲಿಲ್ಲ. ನನ್ನ ಜಾಗದಲ್ಲಿ ರಾಚಪ್ಪ ಹೋದ. ನಾನು ಮೈದಾನದಲ್ಲೇ ಕೂತು ಗೊಳೋ ಎಂದು ಅತ್ತೆ.

ಅವನದೇ ಕೆಲಸವೆಂದು ಹಲ್ಲು ಕಡಿಯುತ್ತ ಗಳ ಹೊತ್ತು ಮನೆಗೆ ಬಂದೆ. ಅವ್ವ ನೀರಿಗೆ ಹೋಗಿದ್ದಳು. ದೀಪ ಹಚ್ಚೋಣವೆಂದು ದೇವರ ಗೂಡಿನಲ್ಲಿ ಬೆಂಕಿಪೊಟ್ಟಣ ತಡಕಿದರೆ, ಕೈಗೆ ಸಿಕ್ಕಿದ್ದು ಬಳೆಯಂತೆ ಬಾಗಿದ ಕಬ್ಬಿಣದ ತಂತಿ, ಅದಕ್ಕೊಂದು ಹಳದಿ ಬಟ್ಟೆಯ ಗಂಟು. ದೃಷ್ಟಿಯಾಗದಿರಲೆಂದು ಮಂತ್ರಿಸಿ ತಂದ ತಾಯತ. ಗೀರಿನ ಮೇಲಿಟ್ಟು ನೋಡಿದೆ. ಸರಿಯಾಗಿ ಕೂತಿತು. ನಾನು ನಗುತ್ತೇನೆಂದು ಅವ್ವ ದಿನಾ ರಾತ್ರಿ, ನಾನು ಮಲಗಿದ ಮೇಲೆ ಗಳಕ್ಕೆ ಬಿಗಿದು, ಏಳುವ ಮುಂಚೆ ಬಿಚ್ಚಿಡುತ್ತಿದ್ದಳು.

ತಂತಿಯನ್ನು ಕಪಿಲಾ ಹೊಳೆಗೆ ಎಸೆದು ಬಂದೆ. "ಗಳ ಹಳೇದಾಗಿತ್ತು ಕಣವ್ವ, ತಾನೇ ಸೀಳ್ತು" ಎಂದೆ. ಪುಟ್ಟತಾಯಮ್ಮನ ಮೇಲೆ ಮಣ್ಣು ತೂರುತ್ತಾಳೆಂದು ಕಾದೆ. ಇಲ್ಲ. ಅವತ್ತಿನಿಂದ ಆ ಹೆಂಗಸಿನ ಕಣ್ಣಿನ ಸುದ್ದಿಯನ್ನೇ ಎತ್ತಲಿಲ್ಲ. ಯುಗಾದಿಗೆ ಒಬ್ಬಟ್ಟು ಕೂಡ ಕಳಿಸಿದಳು. ಊರನ್ನೆಲ್ಲ ಅನುಮಾನಿಸುವ ನನಗೆ ಅದೊಂದರಲ್ಲಿ ಮಾತ್ರ ಅನುಮಾನ ಬರಲಿಲ್ಲ ನೋಡಿ.

ಇವತ್ತು ಮತ್ತೆ ಅದೇ ಗಂಟು, ಈ ಸಲ ಮಗಳ ಗಳಕ್ಕೆ. ಓಡಿಹೋಗಿ ಬಿಚ್ಚಲು ಕೈಹಾಕಿದೆ. ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು:

"ಬಿಚ್ಬ್ಯಾಡ ಕಣ್ಲಾ ಮಗ. ಈ ಸಲ ನೂಲಲ್ಲಿ ಕಟ್ಟಿವ್ನಿ."