ಮನಿ ಜಗಳ ಕೇಳುತ್ತಿದ್ದ ವಿಜ್ಞಾನ ಟೀಚರ್

ಥರ್ಮಾಕೋಲ್ ಕಂಡರೆ ಸಾಕು, ನಮ್ಮ ವಿಜ್ಞಾನ ಟೀಚರ್ ಮುಖ ಸೊಟ್ಟಗಾಗುತ್ತಿತ್ತು. ಮೂಗಿನ ಎರಡೂ ಕಡೆ ಮೂರು ಮೂರು ಗೆರೆ ಬಿದ್ದು, ದಪ್ಪ ಗಾಜಿನ ಚಾಳೀಸು ಹುಬ್ಬಿನ ತನಕ ಏರಿ, ಮೇಲಿನ ತುಟಿ ಹಲ್ಲು ಬಿಟ್ಟು ಸರಿಯುತ್ತಿತ್ತು. ಮನೆಯೊಳಗೆ ಇಲಿ ಸತ್ತು ನಾರಿದರೂ ಮನುಷ್ಯರ ಮುಖ ಅಷ್ಟು ಕೆಡುವುದಿಲ್ಲ. "ಛೀ ಛೀ ಛೀ, ತೆಗೀರಿ ಅದನ್ನ, ನನ್ನ ಕಣ್ಮುಂದಿಂದ ತೆಗೀರಿ," ಅನ್ನೋರು.

ಈಗ ನಾನೂ ಚಿತ್ತಾಪುರದಲ್ಲಿ ಹೈಸ್ಕೂಲಿನ ವಿಜ್ಞಾನ ಟೀಚರ್. ಹೋದ ವರ್ಷ ತಾಲೂಕಿನ ವಿಜ್ಞಾನ ಮೇಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಥರ್ಮಾಕೋಲಿನ ಎಂಟು ಜ್ವಾಲಾಮುಖಿ! ಎಂಟೂ ಕೆಂಪು ನೊರೆ ಕಾರುತ್ತಿದ್ದವು. ಒಂದರ ಬುಡದಲ್ಲಿ ಅಂಗಡಿಯ ಚೀಟಿ ಹಾಗೇ ಅಂಟಿಕೊಂಡಿತ್ತು, ಅದನ್ನು ಕಿತ್ತುಹಾಕುವಷ್ಟು ನಾಚಿಕೆಯೂ ಯಾರಿಗೂ ಇರಲಿಲ್ಲ. ಒಬ್ಬ ಹುಡುಗನಿಗೆ, ಲಾವಾ ಅಂದರೇನಪ್ಪಾ ಅಂದೆ. "ಅದು ನಮ್ಮ ಸರ್ ಬರಕೊಟ್ಟಿಲ್ರಿ," ಅಂದ. ಥೂ! ಅವನ ಅಪ್ಪ ಬಾಜೂಕೆ ನಿಂತು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ. ಆ ಎಂಟರಲ್ಲಿ ಒಂದು ನಮ್ಮ ಶಾಲೆಯದು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಟೀಚರ್ ಬಗ್ಗೆ ಹೇಳಿದರೆ ನನ್ನ ಬಾಯಾದರೂ ಸ್ವಲ್ಪ ಸ್ವಚ್ಛ ಆದೀತು.

ಅವರು ಶಹಾಬಾದಿನ ಮುಸ್ಲಿಂ ಹೆಣ್ಣುಮಗಳು. ದಿನಾ ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂನ ನಮ್ಮ ಶಾಲೆಗೆ ಬರೋರು. ಬುರ್ಖಾ ಮಡಚಿ ಚೀಲದಲ್ಲಿಟ್ಟು, ಎರಡು ಲವಂಗ ಬಾಯಿಗೆ ಹಾಕಿಕೊಂಡು ವರ್ಗದೊಳಗೆ ಕಾಲಿಟ್ಟರೆ ಹುಡುಗಿಯರು ಉಸಿರು ಹಿಡಿಯುತ್ತಿದ್ದೆವು. ಅವರ ಅಪ್ಪ ಫರಸಿ ಕಲ್ಲಿನ ಗಣಿಯಲ್ಲಿ ದುಡಿದವರು. "ನಮ್ಮ ಅಬ್ಬಾ ಕಲ್ಲಿಗಿ ಬಡದು ಸಪ್ಪಳ ಕೇಳದs ಇದು ಛಲೋ ಅದ ಅಂತಿದ್ದಿಲ್ಲ. ನೀವು ಪುಸ್ತಕ ಓದಿ ಬೊಗಳ್ತೀರಿ," ಅಂತ ಬೈಯೋರು. ಮಧ್ಯಾಹ್ನ ಯಾರ ಡಬ್ಬಿಗೆ ಬೇಕಾದರೂ ಕೈ ಹಾಕಿ, ಪುಂಡಿ ಪಲ್ಯ ಸಿಕ್ಕರೆ ಕಣ್ಣು ಮುಚ್ಚಿ ತಿನ್ನೋರು.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಮೇಳದ ಸುತ್ತೋಲೆ ಬಂತು. ಮೂವರು ಗೆಳತಿಯರು ಕೂಡಿ ಜ್ವಾಲಾಮುಖಿ ಮಾಡುತ್ತೇವೆ ಅಂದೆವು. ಮೂಗಿನ ಗೆರೆಗಳು ಬಿದ್ದವು.

"ಸೇಡಂದಾಗ ಜ್ವಾಲಾಮುಖಿ ಎಲ್ಲದ ಹೇಳ್ರಿ? ಬಸ್ ಸ್ಟ್ಯಾಂಡ್ ಹಿಂದದ ಏನು? ಕಾಗಿಣಾ ಹೊಳ್ಯಾಗ ಅದ ಏನು? ನೋಡಿಲ್ಲ, ಮುಟ್ಟಿಲ್ಲ, ಅದರ ಚಿಂತಿ ನಿಮಗ್ಯಾಕ? ನಾಳೆ ಬರೋವಾಗ ಎಲ್ಲಾರೂ ಮನ್ಯಾಗಿಂದ ಒಂದೊಂದು ಜಗಳ ತಗೊಂಡ್ ಬರ್ರಿ."

ನಾವು ನಕ್ಕೆವು.

"ನಗಬ್ಯಾಡ್ರಿ. ಎಲ್ಲಾರ ಮನಿ ದ್ವಾಸಿನೂ ತೂತೇ. ಇಬ್ರು ಜಗಳಾಡ್ತಾರ ಅಂದ್ರ ಖರೆ ಏನು ಅಂತ ಇಬ್ರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ದಿದ್ದು ಒಂದು ಸಿಕ್ತಲ್ಲ, ಅದs ಪ್ರಾಜೆಕ್ಟ್."

ಮರುದಿನ ವರ್ಗದ ತುಂಬ ಜಗಳ. ಫರಸಿ ಮೇಲೆ ಬಿದ್ದ ಅರಿಶಿಣದ ಕಲೆ ಬಿಸಿಲಿಗೆ ಹೋಗುತ್ತೋ ಸಾಬೂನಿಗೆ ಹೋಗುತ್ತೋ ಅಂತ ಒಬ್ಬಳ ಮನೆಯಲ್ಲಿ ಅವ್ವ ಮತ್ತು ಅತ್ತೆ ಮಾತು ಬಿಟ್ಟಿದ್ದರು. ಟೀಚರ್ ಖುಷಿಯಿಂದ ಚಪ್ಪಾಳೆ ತಟ್ಟಿದರು. ಇನ್ನೊಬ್ಬಳು ಅಪ್ಪ ಕುಡಿದು ಬಂದು ಹೊಡೆಯುವುದನ್ನು ಹೇಳಿದಳು. "ಇದು ಪ್ರಾಜೆಕ್ಟ್ ಅಲ್ಲವ್ವಾ, ಇದನ್ನ ನಾನು ನೀನು ಬ್ಯಾರೆ ನೋಡೂಣು," ಅಂದು ಅವಳನ್ನು ತಮ್ಮ ಕುರ್ಚಿಯ ಹತ್ತಿರ ಕೂಡಿಸಿಕೊಂಡರು. ಆಮೇಲೆ ಅವರ ಮನೆಗೂ ಹೋಗಿ ಬಂದರು.

ನಮ್ಮ ಮನೆಯ ಜಗಳ ಬೇಳೆಯದು. ಅಣ್ಣನಿಗೆ ಚಿಮ್ಮನಚೋಡದಿಂದ ಹೆಣ್ಣು ತಂದಿದ್ದೆವು. ವೈನಿ ಮಾಡಿದ ರೊಟ್ಟಿ ಹೂವಿನ ಹಾಗಿರುತ್ತಿತ್ತು, ಆದರೆ ತೊಗರಿಬೇಳೆ ಮಾತ್ರ ಎಷ್ಟು ಕುದಿಸಿದರೂ ಹರಳು. ಅವ್ವ ಇಟ್ಟರೆ ಬೆಣ್ಣೆಯಂತೆ ಬೇಯುತ್ತಿತ್ತು. "ಬೋರಿನ ನೀರು ಸವಳು ಅದರಿ ಅತ್ತಿ," ಅಂತ ವೈನಿ ಒಂದೇ ಒಂದು ಸಲ ಅಂದಿದ್ದಳು. "ಕುಣಿಲಿಕ್ಕ ಬಾರದಾಕಿ ನೆಲ ಡೊಂಕ ಅಂದ್ಲಂತ!" ಅಂತ ಅವ್ವ ಓಣಿಗೆಲ್ಲ ಕೇಳುವಂತೆ ಅಂದಳು. ನಾನೂ ನಕ್ಕಿದ್ದೆ. ಊಟಕ್ಕೆ ಕೂತಾಗ ಬೇಳೆಯ ಹರಳನ್ನು ಹಲ್ಲಲ್ಲಿ ಕಟಕಟ ಅನಿಸಿ ತೋರಿಸುತ್ತಿದ್ದೆ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ. ಪಂಚಮಿಗೆ ತವರಿಗೆ ಹೋದ ವೈನಿಯನ್ನು ದೀಪಾವಳಿ ಮುಗಿದರೂ ಕರೆತರಲಿಲ್ಲ. "ಬ್ಯಾಳಿ ಬೇಯಿಸೋದು ಕಲ್ತ್ ಮ್ಯಾಲ ಬರ್ಲಿ. ಇಲ್ದಿದ್ರ ಅಲ್ಲೇ ಇರ್ಲಿ," ಅಂತ ಅವ್ವ ಹೇಳಿ ಕಳಿಸಿದ್ದಳು. ಅಣ್ಣ ಬಾಯಿಗೆ ಬೀಗ ಹಾಕಿಕೊಂಡಿದ್ದ. ಬೇರೆ ಹೆಣ್ಣಿನ ಮಾತೂ ಅಲ್ಲಲ್ಲಿ ಸುರುವಾಗಿತ್ತು.

ಟೀಚರ್ ಇದನ್ನು ಕೇಳಿ ಲವಂಗ ಅಗಿಯುವುದನ್ನೇ ನಿಲ್ಲಿಸಿದರು.

"ನಿಮ್ಮವ್ವ ಯಾವ ನೀರಾಗ ಬೇಯಿಸ್ತಾಳ?"

"ಕುಡಿಯೋ ಕೊಡದಾಗಿಂದ್ರಿ. ಹೊಳಿ ನೀರು, ನಳದ್ದು."

"ಮತ್ತ ವೈನಿ?"

"ಆ ಕೊಡ ಮುಟ್ಟಬ್ಯಾಡ ಅಂತ ಅವ್ವನೇ ಹೇಳಿದ್ಳ್ರಿ. ನಳ ನಾಕ್ ದಿನಕ್ಕೊಮ್ಮಿ ಬರ್ತದ. ಅಡಿಗಿಗೆ ಬೋರಿನ ನೀರು ತಗೋ ಅಂದಿದ್ಳು."

ಹೇಳುವಾಗಲೇ ತಪ್ಪು ನೀರಿನದು ಅಂತ ನನಗೆ ಹೊಳೆಯಿತು. ಓಡಿ ಹೋಗಿ ಅವ್ವನಿಗೆ ಹೇಳುತ್ತೇನೆ ಅಂದೆ. ಟೀಚರ್ ನನ್ನ ರಟ್ಟೆ ಹಿಡಿದು ಕೂಡಿಸಿದರು. "ಕುಂದ್ರು. ಹೇಳಿದ್ರ ನಿಮ್ಮವ್ವ ಕೇಳ್ತಾಳೇನು? ಆ ಹುಡಿಗಿನೂ ಹೇಳಿದ್ಲಲ್ಲ. ಮಾಡಿ ತೋರ್ಸು. ಅದೇ ಬ್ಯಾಳಿ, ಅದೇ ಪಾತೇಲಿ, ಅದೇ ಒಲಿ. ನಿಮ್ಮವ್ವ ಎರಡೂ ನೀರಾಗ ಇಡ್ಲಿ, ನೀನೂ ಎರಡೂ ನೀರಾಗ ಇಡು. ಒಂದು ಸಲಕ್ಕ ಒಂದೇ ಬದಲಿ ಮಾಡು. ಎರಡು ಬದಲಿ ಮಾಡಿದ್ರ ಕಳ್ಳ ಯಾರಂತ ಹ್ಯಾಂಗ್ ಹೇಳ್ತಿ?"

ಅವ್ವ ಸೆರಗು ಸಿಕ್ಕಿಸಿಕೊಂಡು ತಯಾರಾದಳು. "ನನ್ನ ಕೈಯಾಗ ಕಲ್ಲೂ ಬೇಯ್ತದ," ಅಂದಳು. ಬೋರಿನ ನೀರಲ್ಲಿ ಇಟ್ಟ ಬೇಳೆ ಕುದಿಯಿತು, ಕುದಿಯಿತು, ಬೇಯಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಅವ್ವ ಸೌಟನ್ನು ಒಲೆಯ ಮುಂದೆ ಒಗೆದಳು. "ಇದನ್ನ ಬರದು ಊರ ಮಂದಿ ಮುಂದ ತೂಗಹಾಕ್ತಿ ಏನು? ಹಡದವ್ವನ ಮಾನ ಕಳೀಲಿಕ್ಕ ಸಾಲಿ ಕಲೀಲಿಕತ್ತಿಯೇನು?" ಅಂತ ಅತ್ತಳು. ಮನೆಯಲ್ಲಿ ಆ ರಾತ್ರಿ ಯಾರೂ ಊಟ ಮಾಡಲಿಲ್ಲ.

ನಾನು ಚಾರ್ಟಿನಲ್ಲಿ ಅವ್ವನ ಸಾಲನ್ನು ಬರೆಯಲಿಲ್ಲ. ಬರೀ ನನ್ನ ಕೈಯ ಎರಡು ಸಾಲು, ನಳದ ನೀರಲ್ಲಿ ಬೆಂದಿತು, ಬೋರಿನದರಲ್ಲಿ ಇಲ್ಲ ಅಂತ; ಚಂದದ ಅಕ್ಷರ, ಸುತ್ತ ಹೂವಿನ ಬಳ್ಳಿ. ಮೇಳದ ದಿನ ಬೆಳಿಗ್ಗೆ ಟೀಚರ್ ಅದನ್ನು ನೋಡಿದರು.

"ನಿಮ್ಮವ್ವನ ಕೈ ಎಲ್ಲಿ ಹೋಯ್ತು?"

"ಬ್ಯಾಡ ಅಂದ್ಳ್ರಿ."

ಅವರು ಬೈಯಲಿಲ್ಲ. ಸತ್ತ ಹಲ್ಲಿಯನ್ನು ಸರಿಸುವ ಹಾಗೆ ಒಂದು ಬೆರಳಿಂದ ಚಾರ್ಟನ್ನು ನನ್ನ ಕಡೆ ಸರಿಸಿದರು. "ಹದಿನಾಕು ವರ್ಷದ ಹುಡಿಗಿಗೆ ಬ್ಯಾಳಿ ಬೇಯಿಸ್ಲಿಕ್ಕ ಬರ್ಲಿಲ್ಲ ಅಂತಾರ ಮಂದಿ, ಅಷ್ಟೇ. ಜ್ವಾಲಾಮುಖಿ ಕೊಂಡ್ ತರೋರು ಬರೇ ದಡ್ಡರು. ನೀ ಖರೆ ಗೊತ್ತಿದ್ದೂ ಮುಚ್ಚಿದಿ. ನಿನಗಿಂತ ಅವ್ರು ಛಲೋ." ಅಷ್ಟು ಹೇಳಿ ಬೇರೆ ಹುಡುಗಿಯರ ಕಡೆ ಹೋದರು, ತಿರುಗಿ ನೋಡಲಿಲ್ಲ.

ಮೇಳದ ಬೆಂಚಿನ ಮೇಲೆ ಕೂತು, ಬಳ್ಳಿಯ ಮೇಲೆಯೇ, ಬಾಲ್ ಪೆನ್ನಿನಿಂದ ಅವ್ವನ ಸಾಲು ಬರೆದೆ. ಮೂರು ಸಲ, ಬೋರಿನ ನೀರು, ಬೇಯಲಿಲ್ಲ. ಅಕ್ಷರ ವಕ್ರ ಬಂದವು. ತೀರ್ಪುಗಾರ ಸಾಹೇಬರು ಬಂದು ಪಾತೇಲಿ ನೋಡಿ, "ಮಾಡೆಲ್ ಎಲ್ಲದವಾ? ಲೈಟ್ ಗೀಟ್ ಹತ್ತಂಗಿಲ್ಲೇನು?" ಅಂದು ನಗುತ್ತಾ ಮುಂದೆ ಹೋದರು. ಮೊದಲನೆಯ ಬಹುಮಾನ ಜ್ವಾಲಾಮುಖಿಗೇ ಬಂತು. ಟೀಚರ್ ಹೊರಗೆ ಹೋಗಿ ಬೇವಿನ ಗಿಡದ ಬುಡಕ್ಕೆ ಲವಂಗ ಉಗುಳಿದರು.

ಮಧ್ಯಾಹ್ನ ಓಣಿಯ ಹೆಂಗಸರ ಜೊತೆ ಅವ್ವ ಬಂದಳು. ಅವ್ವ ಓದುವುದು ಅಕ್ಷರ ಅಕ್ಷರ ಕೂಡಿಸಿ. ಬೆರಳಿಟ್ಟು ತನ್ನ ಸಾಲನ್ನು ಓದಿದಳು. ಮುಖ ಕಪ್ಪಿಟ್ಟಿತು. ಹಾಗೇ ತಿರುಗಿ ಮನೆಗೆ ಹೋದಳು. ಎರಡು ದಿನ ನನಗೆ ಬರೇ ತಾಟು ಕುಕ್ಕಿದ ಸಪ್ಪಳವೇ ಊಟ.

ಮೂರನೆಯ ದಿನ ಶಾಲೆಯಿಂದ ಬಂದರೆ ಅವ್ವ ಇಲ್ಲ, ನೀರಿನ ಕ್ಯಾನೂ ಇಲ್ಲ. ಕ್ಯಾನಿನ ತುಂಬ ನಮ್ಮ ಬೋರಿನ ನೀರು ತುಂಬಿಕೊಂಡು, ತೊಡೆಯ ಮೇಲೆ ಇಟ್ಟುಕೊಂಡು, ಚಿಂಚೋಳಿ ಬಸ್ಸು ಹತ್ತಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಚಿಮ್ಮನಚೋಡಕ್ಕೆ ಹೋಗಿದ್ದಳು! ಬೀಗರ ಮನೆಯಲ್ಲಿ ಚಹಾ ಕೂಡ ಮುಟ್ಟದೆ ಸೀದಾ ಅಡಿಗೆಮನೆಗೆ ನುಗ್ಗಿ, "ನಿಮ್ಮ ಬ್ಯಾಳಿ ಕೊಡ್ರಿ, ನಿಮ್ಮ ಒಲಿ ಕೊಡ್ರಿ," ಅಂದಳಂತೆ. ಅವರ ಬೇಳೆಯೂ ನಮ್ಮ ನೀರಲ್ಲಿ ಬೇಯಲಿಲ್ಲ. ಆಮೇಲೆ ಅವರ ಬಾವಿಯ ನೀರಲ್ಲಿ ವೈನಿಗೆ ಇಡಲು ಹೇಳಿದಳು. ಬೆಂದಿತು. ಅವ್ವ ಕ್ಯಾನಿನ ನೀರು ಅಂಗಳಕ್ಕೆ ಚೆಲ್ಲಿ, "ನಡಿಯವ್ವಾ, ಅರಿವಿ ತುಂಬ್ಕೋ. ತಪ್ಪಾಯ್ತು," ಅಂದಳಂತೆ. ಅವ್ವ ಯಾರಿಗಾದರೂ ತಪ್ಪಾಯ್ತು ಅಂದದ್ದು ನಾನು ಕೇಳಿದ್ದು ಅದೊಂದೇ, ಅದೂ ವೈನಿಯ ಬಾಯಿಂದ.

ಟೀಚರ್‌ಗೆ ಹೇಳಿದಾಗ ಮೇಜು ಬಡಿದು ಬಡಿದು ನಕ್ಕರು, ಚಾಳೀಸು ತೆಗೆದು ಕಣ್ಣೊರೆಸಿಕೊಂಡರು. "ಬೀಗರ ಬ್ಯಾಳಿ ಮ್ಯಾಲೂ ಸಂಶಯ ಹಿಡದಾಳ ನೋಡು! ಅರೆ, ಮೊದಲನೇ ಬಹುಮಾನ ನಿಮ್ಮವ್ವಗ ಕೊಡಬೇಕು." ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು, "ನೀನೂ ಬರದಿ. ತಡಾ ಮಾಡಿದಿ, ಆದ್ರ ಬರದಿ," ಅಂದರು. ನಾನು ವಿಜ್ಞಾನ ಓದಿದ್ದು ಆ ಕೈಯಿಂದ.

ಓದಿ ಏನಾಯಿತು? ಹೋದ ವರ್ಷ ನಮ್ಮ ಮುಖ್ಯೋಪಾಧ್ಯಾಯರು, "ಬಹುಮಾನ ಬರೋಂಥಾದ್ದು ತರ್ಸ್ರಿ, ಹೊಸಾ ಗಿಸಾ ಬ್ಯಾಡ," ಅಂದರು. ನಾನು ಹೂಂ ಅಂದೆ. ಜಗಳ ಕೇಳುವ ವೇಳೆ ಇಲ್ಲ, ಪರೀಕ್ಷೆ ಹತ್ತಿರ ಬಂತು, ಎಲ್ಲರೂ ಹಾಗೇ ಮಾಡುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಅಂಗಡಿಯ ಚೀಟಿ ಅಂಟಿಕೊಂಡೇ ಇದ್ದ ಜ್ವಾಲಾಮುಖಿ ಅಂದೆನಲ್ಲ, ಅದು ನಮ್ಮದೇ.

ಮೇಳ ಮುಗಿದ ರವಿವಾರ ಶಹಾಬಾದಿಗೆ ಹೋದೆ. ಟೀಚರ್ ಹಾಸಿಗೆ ಹಿಡಿದಿದ್ದರು. ಮೆತ್ತಗಿನ ಊಟವಷ್ಟೇ ಸೇರುತ್ತದೆ ಅಂತ ಕೇಳಿ ವೈನಿ ಬೇಳೆ ಬೇಯಿಸಿಕೊಂಡು ಜೊತೆಗೆ ಬಂದಿದ್ದಳು. ಎರಡು ಚಮಚ ಉಂಡು, ಉಸಿರು ಎಳೆದುಕೊಳ್ಳುತ್ತಾ, "ಈ ವರ್ಷ ನಿನ್ನ ಹುಡಿಗ್ಯಾರು ಏನ್ ಜಗಳ ತಂದಿದ್ರು?" ಅಂದರು.

ಬಾಯಿಗೆ ಸುಳ್ಳು ಎಷ್ಟು ಸಲೀಸಾಗಿ ಬಂತು! "ಒಬ್ಬಾಕಿ ರೊಟ್ಟಿದು ತಂದಿದ್ಳ್ರಿ. ಹೊಸಾ ಜ್ವಾಳದ ರೊಟ್ಟಿ ಹರೀತದೋ, ಹಳೇ ಜ್ವಾಳದ್ದು ಹರೀತದೋ ಅಂತ."

ಅವರ ಕಣ್ಣು ಅರಳಿದವು. "ಎಷ್ಟ್ ಸಲ ಬಡದು ನೋಡಿದ್ಳು?"

"ಮೂರ್ ಸಲರಿ."

"ಶಾಭಾಷ್! ಆಕಿ ಬರದಿಟ್ಟ ವಹಿ ತಂದು ತೋರ್ಸು ನನಗ. ಮರೀಬ್ಯಾಡ."

"ಹೂಂರಿ," ಅಂದೆ.

ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಕಾಯುತ್ತಾ ಕೂತಿದ್ದೆವು. ನಮ್ಮ ಶಾಲೆಯ ಜ್ವಾಲಾಮುಖಿಯ ವಿಷಯ ವೈನಿಗೆ ಗೊತ್ತಿತ್ತು. ಖಾಲಿ ಡಬ್ಬಿಯ ಮುಚ್ಚಳ ತಿರುಗಿಸುತ್ತಾ, ನನ್ನ ಮುಖ ನೋಡದೆ ಅಂದಳು: "ಅವತ್ತೂ ನೀ ಹಿಂಗೇ ಮಾಡಿದ್ದಿದ್ರ, ನಾ ಇನ್ನೂ ಚಿಮ್ಮನಚೋಡದಾಗೇ ಇರ್ತಿದ್ದೆ."

ಹದಿನೈದು ದಿನಕ್ಕೆ ಟೀಚರ್ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಮಗಳು ನನ್ನನ್ನು ಬಾಜೂಕೆ ಕರೆದು, "ಅಮ್ಮಿ ದಿನಾ ಕೇಳ್ತಿದ್ರು, ಆ ರೊಟ್ಟಿ ಹುಡಿಗಿ ವಹಿ ಬಂತೇನು ಅಂತ," ಅಂದಳು.