ದುಬೈಗೆ ಒಯ್ದ ಅಂಟಿನುಂಡಿ

ದುಬೈ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ನನ್ನ ತಂಗಿ ಮಹಾದೇವಿಯನ್ನು ಒಳಗಿನ ಕೋಣೆಗೆ ಕರೆದೊಯ್ದಾಗ, ತಪ್ಪು ನನ್ನದು ಎಂದು ನಾನು ಹೇಳಲಿಲ್ಲ. ಆಕೆಯ ಚೀಲದಲ್ಲಿ ಸಿಕ್ಕ ಡಬ್ಬಿಯನ್ನು ತುಂಬಿದವಳು ನಾನು. ಅದರಲ್ಲಿ ಏನಿದೆ ಎಂದು ಗೊತ್ತಿದ್ದವಳೂ ನಾನೊಬ್ಬಳೇ. ಆದರೂ ಟ್ರಾಲಿ ತಳ್ಳಿಕೊಂಡು ಹೊರಗೆ ನಡೆದೆ. ಅದರಿಂದ ಆಕೆಗೆ ಆ ಊರಿನಲ್ಲಿ ಸಿಗಬೇಕಾಗಿದ್ದ ಕೆಲಸ ತಪ್ಪಿತು. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು, ಬರೆದು ರೂಢಿಯಿಲ್ಲ. ಆದರೆ ನಮ್ಮ ಕಡೆಯಿಂದ ಈಗ ಎಷ್ಟೋ ಹೆಣ್ಣುಮಕ್ಕಳು ಬಾಣಂತನ ಮಾಡಲು ಹೊರದೇಶಕ್ಕೆ ಹೋಗುತ್ತಾರೆ. ಅವರು ಓದಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾವು ಮೂವರು ಅಕ್ಕತಂಗಿಯರು. ನಾನು ದೊಡ್ಡವಳು, ಇಳಕಲ್ಲಿನಲ್ಲಿ ಸೀರೆ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುತ್ತೇನೆ. ಮಹಾದೇವಿ ನಡುವಿನವಳು. ಗಂಡನ ಮನೆ ಬಿಟ್ಟು ಬಂದು ಆರು ವರ್ಷವಾಯಿತು, ನಮ್ಮ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಸಣ್ಣವಳು ಸುಜಾತಾ. ಅವಳ ಗಂಡ ಮಲ್ಲಿಕಾರ್ಜುನ ಹುನಗುಂದದವರು, ದುಬೈಯಲ್ಲಿ ಎ.ಸಿ. ರಿಪೇರಿ ಮಾಡುವವರ ಮೇಲ್ವಿಚಾರಕರು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕು. ಆದರೆ ಸುಜಾತಾಗೆ ರಕ್ತದೊತ್ತಡ ಇದ್ದುದರಿಂದ ಡಾಕ್ಟರರು ವಿಮಾನ ಹತ್ತಬೇಡ ಎಂದರು. ಅವ್ವ ತೀರಿಕೊಂಡು ವರ್ಷಗಳಾಗಿವೆ. ಹಾಗಾಗಿ ನಾವಿಬ್ಬರೇ ಹೊರಟೆವು. ಮಹಾದೇವಿಗೆ ಇನ್ನೊಂದು ಆಸೆಯೂ ಇತ್ತು. ಸುಜಾತಾಳ ಮನೆಯ ಹತ್ತಿರ ಕಲಬುರಗಿ ಕಡೆಯ ಹೆಣ್ಣುಮಗಳೊಬ್ಬಳ ಹೊಲಿಗೆ ಅಂಗಡಿಯಿತ್ತು, ಅಲ್ಲಿ ಒಬ್ಬರು ಬೇಕಾಗಿದ್ದರು. ಮಲ್ಲಿಕಾರ್ಜುನ ಮಾತಾಡಿ ಕೊಡಿಸುತ್ತೇನೆ ಎಂದಿದ್ದರು.

ಹೊರಡುವ ಎಂಟು ದಿನ ಮೊದಲು ಸುಜಾತಾ ಫೋನ್ ಮಾಡಿದಳು. ಫೋನ್ ಎತ್ತಿದವಳು ನಾನು.

"ಅಕ್ಕಾ, ಅಂಟಿನುಂಡಿ ತಾ. ಆದ್ರ ಗಸಗಸಿ ಒಂದು ಕಾಳ ಸೈತ ಹಾಕಬ್ಯಾಡ. ಇಲ್ಲಿ ಅದನ್ನ ಅಫೀಮಿನ ಸಾಲಿನ್ಯಾಗ ಹಿಡೀತಾರ. ಮಾದೇವಕ್ಕಗೂ ಹೇಳು."

ಹೂಂ ಎಂದೆ. ಮಹಾದೇವಿಗೂ ಹೇಳಿದೆ. ಆದರೆ ಉಂಡೆ ಕಟ್ಟಲು ಕುಳಿತಾಗ ಕೈ ಕೇಳಲಿಲ್ಲ. ತುಪ್ಪದಲ್ಲಿ ಅಂಟು ಹುರಿದು, ಉತ್ತತ್ತಿ, ಒಣಕೊಬ್ಬರಿ, ಬೆಲ್ಲ ಎಲ್ಲ ಕೂಡಿಸಿದ ಮೇಲೆ ಗಸಗಸೆಯ ಪುಡಿಕೆ ಎದುರಿಗೇ ಇತ್ತು. ಗಸಗಸೆ ಇಲ್ಲದ ಉಂಡೆ ಬೀಗರಿಗೆ ಸರಿ, ಬಾಣಂತಿಗೆ ಅಲ್ಲ ಎಂದು ಅವ್ವ ಅನ್ನುತ್ತಿದ್ದಳು. ಬಾಣಂತಿಗೆ ನಿದ್ದೆ ಬರುವುದು ಅದರಿಂದ. ಇಷ್ಟು ಸಣ್ಣ ಕಾಳು ಬೆಲ್ಲದೊಳಗೆ ಯಾರಿಗೆ ಕಾಣುತ್ತದೆ ಎಂದುಕೊಂಡು ಎರಡು ಮುಷ್ಟಿ ಹಾಕಿದೆ. ಮಹಾದೇವಿ ಹಿತ್ತಲಿನಿಂದ ಬಂದು ಕೇಳಿದಳು: "ಗಸಗಸಿ ಹಾಕಿಲ್ಲಲ್ಲ ಅಕ್ಕಾ?"

"ಇಲ್ಲವ್ವ" ಎಂದೆ.

ಇಳಕಲ್ಲಿನಿಂದ ಬೆಳಿಗ್ಗೆ ಬಸ್ ಹಿಡಿದೆವು. ಸರಕಾರಿ ಬಸ್ಸು, ಆಧಾರ್ ತೋರಿಸಿದರೆ ನಮಗೆ ಟಿಕೆಟ್ಟಿಲ್ಲ. ಹುನಗುಂದ ಅರ್ಧ ತಾಸು. ಅಲ್ಲಿ ಸುಜಾತಾಳ ಅತ್ತೆ, ನಮ್ಮ ಬೀಗತಿ, ಬಸ್ ಸ್ಟ್ಯಾಂಡಿಗೇ ಬಂದು ಕಟಕಟಿ ರೊಟ್ಟಿಯ ಗಂಟು ಕೊಟ್ಟರು. "ಮಗಳು ತವರಮನಿಗೆ ಬರೂದ ಕೇಳಿದ್ದೆ. ತವರಮನೀನ ಮಗಳ ಕಡೆ ಹೊಂಟಿದ್ದು ಈಗ ನೋಡಿದೆ!" ಎಂದು ನಕ್ಕರು. ಅಮೀನಗಡ ದಾಟಿ ಬಾಗಲಕೋಟೆ ಮುಟ್ಟುವಾಗ ಬಿಸಿಲು ಏರಿತ್ತು. ಸಂಜೆಯ ರೈಲಿಗೆ ಸ್ಲೀಪರ್ ಟಿಕೆಟ್ ಮೊದಲೇ ತೆಗೆಸಿದ್ದೆವು, ತಲೆಗೆ ನಾಲ್ಕು ನೂರರ ಆಸುಪಾಸು. ಬೆಳಗಾಗುವಾಗ ಬೆಂಗಳೂರು.

ವಿಮಾನ ನಿಲ್ದಾಣದಲ್ಲಿ ಮೊದಲು ಚೀಲ ತೂಗಿದರು. ಒಬ್ಬರಿಗೆ ಇಪ್ಪತ್ಮೂರು ಕಿಲೋ. ನನ್ನದು ಇಪ್ಪತ್ತಾರು ಬಂತು, ಮಹಾದೇವಿಯದು ಹತ್ತೊಂಬತ್ತು. ಪಕ್ಕಕ್ಕೆ ಕುಳಿತು ಚೀಲ ಬಿಚ್ಚಿದೆ. ಎಲ್ಲಕ್ಕಿಂತ ಭಾರ ಇದ್ದದ್ದು ಉಂಡೆಯ ಸ್ಟೀಲ್ ಡಬ್ಬಿ.

"ನನ್ನ ಚೀಲದಾಗ ಇಡು ಅಕ್ಕಾ, ಜಾಗಾ ಐತಿ" ಎಂದು ಆಕೆಯೇ ಕೈ ಚಾಚಿದಳು. ಆಗಲೇ ಹೇಳಬಹುದಿತ್ತು. ಅಲ್ಲೇ ಕಸದ ಡಬ್ಬಿಯೂ ಇತ್ತು. ಕೊಟ್ಟುಬಿಟ್ಟೆ. ಆ ಚೀಲಕ್ಕೆ ಆಕೆಯ ಹೆಸರಿನ ಚೀಟಿ ಅಂಟಿಸಿದರು.

ಮುಂದೆ ಪಾಸ್‌ಪೋರ್ಟ್ ನೋಡುವವರು ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದರು. ಹತ್ತನೇ ಪಾಸಾಗದವರು ಕೆಲಸಕ್ಕೆ ಹೋಗುತ್ತಾರೇನೋ ಎಂದು ಅವರಿಗೆ ಸಂಶಯ. ತಿರುಗಿ ಬರುವ ಟಿಕೆಟ್ಟು, ಮಲ್ಲಿಕಾರ್ಜುನರ ಪತ್ರ, ಸುಜಾತಾಳ ದವಾಖಾನೆಯ ಚೀಟಿ ತೋರಿಸಿದ ಮೇಲೆ ಬಿಟ್ಟರು. ಹೋಗುವವರು ಈ ಮೂರನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ದೊಡ್ಡ ಚೀಲದಲ್ಲಿ ಹಾಕಿ ಕಳಿಸಿಬಿಡಬಾರದು.

ನಾಲ್ಕು ತಾಸಿನ ಹಾದಿ. ನನ್ನ ಪಕ್ಕದಲ್ಲಿ ಕಲಾದಗಿಯ ಹಸೀನಾ ಎಂಬಾಕೆ ಕುಳಿತಿದ್ದರು. ಅಲ್ಲಿಯ ಒಂದು ಮನೆಯಲ್ಲಿ ಅಡುಗೆ ಮಾಡುತ್ತಾರೆ, ಹನ್ನೊಂದು ವರ್ಷದಿಂದ ಹೋಗಿ ಬರುತ್ತಿದ್ದಾರೆ. ಇಳಿದ ಮೇಲೆ ಏನು ಮಾಡಬೇಕೆಂದು ಅವರೇ ನಮಗೆ ಹೇಳಿಕೊಟ್ಟರು.

"ಗಡಿಯಾರ ಒಂದೂವರೆ ತಾಸ ಹಿಂದ ಮಾಡ್ಕೋರಿ. ಮಂದಿ ಓಡತಾರಂತ ನೀವು ಓಡಬ್ಯಾಡ್ರಿ, ಬೋರ್ಡ್ ನೋಡ್ಕೊಂಡು ನಡೀರಿ. ಪಾಸ್‌ಪೋರ್ಟ್ ಸಾಲಿನ್ಯಾಗ ಕೇಳಿದ್ದಕ್ಕಷ್ಟ ಜವಾಬ್ ಕೊಡ್ರಿ, ಮನಿ ಕತಿ ಹೇಳಬ್ಯಾಡ್ರಿ. ಮನಿ ವಿಳಾಸ, ಫೋನ್ ನಂಬರ ಕಾಗದದ ಮ್ಯಾಲ ಬರದಿಟ್ಕೋರಿ. ಮೊಬೈಲ್ ಅಲ್ಲಿ ತಟ್ಟನ ಹತ್ತಂಗಿಲ್ಲ."

"ಚೀಲ ಎಲ್ಲಿ ಸಿಗತಾವ್ರಿ?" ಎಂದು ಮಹಾದೇವಿ ಕೇಳಿದಳು.

"ಪಟ್ಟಾದ ಮ್ಯಾಲ ತಿರಗತಿರ್ತಾವ. ಎಲ್ಲಾರ ಚೀಲಾನೂ ಕರೇವ ಇರ್ತಾವ, ಹೆಸರ ನೋಡಿ ಎತ್ಕೋರಿ. ಆಮ್ಯಾಲ ಎರಡು ದಾರಿ. ಹಸರದು ಏನೂ ಇಲ್ಲದವರಿಗೆ, ಕೆಂಪದು ಹೇಳೂದಿದ್ದವರಿಗೆ. ತಿನ್ನೂದು ಉಣ್ಣೂದು ಸಂಶೇ ಇದ್ರ ಕೆಂಪ ದಾರಿಗೆ ಹೋಗಿ ಮೊದಲ ಹೇಳಿಬಿಡ್ರಿ. ಬ್ಯಾಡ ಅಂದ್ರ ತಗೊಂಡು ಒಗೀತಾರ, ಅಷ್ಟ. ಮುಚ್ಚಿಟ್ರ ತ್ರಾಸ. ನಾ ಅಂತೂ ಉಪ್ಪಿನಕಾಯಿಗೂ ಹೇಳತೇನಿ. ಅವರಿಗೆ ನನ್ನ ಕಂಡ್ರ ಬ್ಯಾಸರಾಗೇತಿ!"

ಮಹಾದೇವಿ ನಕ್ಕಳು. ನಾನು ಕಿಟಕಿಯ ಹೊರಗೆ ನೋಡಿದೆ, ಕೆಳಗೆ ಬರೀ ಮರಳು.

ಇಳಿದಾಗ ಅಲ್ಲಿಯ ಮಧ್ಯಾಹ್ನ ಎರಡು ಗಂಟೆ. ಒಳಗೆ ಎಷ್ಟು ತಂಪೆಂದರೆ ಸೆರಗು ಹೊದ್ದುಕೊಂಡೆ. ಪಾಸ್‌ಪೋರ್ಟಿನ ಸಾಲು ಹಾವಿನ ಹಾಗೆ ಸುತ್ತಿತ್ತು, ಆದರೂ ಅರ್ಧ ತಾಸಿನಲ್ಲಿ ಮುಗಿಯಿತು. ಬಿಳಿ ನಿಲುವಂಗಿಯ ಅಧಿಕಾರಿ ಕ್ಯಾಮೆರಾ ನೋಡಿ ಎಂದು ಕೈ ತೋರಿಸಿ ಮುದ್ರೆ ಒತ್ತಿದ. ಪಟ್ಟಾದ ಹತ್ತಿರ ಚೀಲಗಳನ್ನು ಎತ್ತಿಕೊಂಡೆವು. ಹಸೀನಾ ಕೆಂಪು ದಾರಿಗೆ ಹೊರಟವರು ತಿರುಗಿ ನೋಡಿ, "ಬರ್ತೀರೇನು?" ಎಂದರು.

ಮಹಾದೇವಿ ನನ್ನ ಮುಖ ನೋಡಿದಳು. "ನಮ್ಮ ಹತ್ರ ಅಂಥಾದ್ದೇನೂ ಇಲ್ರಿ" ಎಂದೆ ನಾನು.

ಹಸಿರು ದಾರಿಯಲ್ಲೂ ಚೀಲಗಳನ್ನು ಯಂತ್ರದೊಳಗೆ ಹಾಯಿಸಿದರು. ನನ್ನದು ದಾಟಿತು. ಮಹಾದೇವಿಯದನ್ನು ತಡೆದು ಬಿಚ್ಚಿಸಿದರು. ಡಬ್ಬಿ ತೆಗೆದು, ಉರ್ದು ಮಾತಾಡುವ ಸಿಬ್ಬಂದಿಯೊಬ್ಬನನ್ನು ಕರೆಸಿದರು. ಚೀಲ ಯಾರದು ಎಂದು ಅವನು ಕೇಳಿದ. "ಮೇರಾ" ಎಂದಳು ಮಹಾದೇವಿ. ಇದರಲ್ಲಿ ಖಸಖಸ್ ಇದೆಯೇ ಎಂದು ಕೇಳಿದ. ಇಲ್ಲವೇ ಇಲ್ಲ ಎಂದು ಧೈರ್ಯವಾಗಿ ತಲೆಯಾಡಿಸಿದಳು. ನನ್ನನ್ನು ನಂಬಿಯೇ ಹಾಗೆ ಹೇಳಿದಳು. ಅಧಿಕಾರಿ ಒಂದು ಉಂಡೆಯನ್ನು ಬಿಳಿ ಕಾಗದದ ಮೇಲೆ ಮುರಿದ. ಕಾಳುಗಳು ಉದುರಿದವು.

ಮಹಾದೇವಿ ಕಾಗದ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಟ್ರಾಲಿಯ ಗಾಲಿ ನೋಡಿದೆ. ಅಧಿಕಾರಿ ಆಕೆಯನ್ನು ಒಳಗಿನ ಕೋಣೆಯ ಕಡೆ ಕರೆದು, ನನಗೆ ನೀವು ಹೋಗಿ ಎಂದು ಕೈಮಾಡಿದ. ಜೈಲು, ಪೋಲೀಸು ಎಂದೆಲ್ಲ ಕೇಳಿದ್ದೆ. ಕಾಲು ತಾವಾಗಿಯೇ ಬಾಗಿಲ ಕಡೆ ನಡೆದವು ಎಂದರೆ ಸುಳ್ಳಾಗುತ್ತದೆ. ನಾನೇ ನಡೆದೆ.

ಹೊರಗೆ ಮಲ್ಲಿಕಾರ್ಜುನ ಹಾದಿ ಕಾಯುತ್ತಿದ್ದರು. "ಬರ್ರಿ ದೊಡ್ಡಕ್ಕಾರ. ಮಾದೇವಕ್ಕಾರು ಎಲ್ಲಿ?"

"ಅಕಿ ಚೀಲದಾಗ ಏನೋ ಸಿಕ್ಕೈತಂತ" ಎಂದೆ. ಅಕಿ ಚೀಲ ಎಂಬ ಮಾತು ನನ್ನ ಬಾಯಿಂದಲೇ ಬಂತು.

ಮೂರೂವರೆ ತಾಸು ಕಾದೆವು. ಅವರು ಯಾರಿಗೋ ಫೋನ್ ಮಾಡುತ್ತಾ ಅತ್ತಿಂದಿತ್ತ ತಿರುಗಾಡಿದರು. ಕಡೆಗೆ ಮಹಾದೇವಿ ಬಂದಳು. ಡಬ್ಬಿ ಇಟ್ಟುಕೊಂಡು, ಹೆಸರು ಬರೆಸಿಕೊಂಡು, ಕಾಗದಕ್ಕೆ ಸಹಿ ಹಾಕಿಸಿ ಬಿಟ್ಟಿದ್ದರು. ಒಳಗೆ ಯಾರೂ ಕೈ ಮಾಡಲಿಲ್ಲ, ಬಯ್ಯಲಿಲ್ಲ, ನೀರು ಕೊಟ್ಟರು ಎಂದಳು. ಆದರೆ ಆಕೆಯ ತುಟಿ ಒಣಗಿ ಬಿಳಿಚಿಕೊಂಡಿತ್ತು.

ಕಾರಿನಲ್ಲಿ ಮಲ್ಲಿಕಾರ್ಜುನ ಸಿಟ್ಟು ತಡೆಯಲಿಲ್ಲ. "ಸುಜಿ ಅಷ್ಟು ಬಡ್ಕೊಂಡಿದ್ಳಲ್ರಿ! ಹೊಟ್ಟಿಲೆ ಇದ್ದಾಕಿ ಮೂರು ತಾಸಿನಿಂದ ಅಳಾಕತ್ಯಾಳ ಮನ್ಯಾಗ. ನಿಮಗ ಬುದ್ಧಿ ಬ್ಯಾಡೇನ್ರಿ ಮಾದೇವಕ್ಕಾರ?"

"ತಪ್ಪಾತ್ರಿ" ಎಂದಳು ಮಹಾದೇವಿ. ನಾನು ಹಿಂದಿನ ಸೀಟಿನಲ್ಲಿ ಕುಳಿತು ದೊಡ್ಡ ದೊಡ್ಡ ಕಟ್ಟಡಗಳನ್ನು ನೋಡಿದೆ.

ಆರನೆಯ ದಿನ ಸುಜಾತಾಗೆ ಹೆಣ್ಣು ಕೂಸು ಹುಟ್ಟಿತು, ಇಬ್ಬರೂ ಕ್ಷೇಮ. ನಲವತ್ತೈದು ದಿನ ಅಲ್ಲಿದ್ದೆವು. ಹೊರಗೆ ಕಾಲಿಟ್ಟರೆ ಒಲೆಯ ಬಾಯಿ ಇದ್ದಂತೆ ಬಿಸಿ. ಜೋಳದ ಹಿಟ್ಟು ಅಂಗಡಿಯಲ್ಲಿ ಸಿಗುತ್ತದೆ, ರುಚಿ ಸ್ವಲ್ಪ ಕಡಿಮೆ. ಎಂಟನೆಯ ಮಹಡಿಯ ಸಣ್ಣ ಬಚ್ಚಲಲ್ಲಿ ಬಾಣಂತಿಗೆ ಎರೆದೆವು. ಮೊದಲ ದಿನ ಕೂಸಿಗೆ ಲೋಬಾನದ ಹೊಗೆ ಹಾಕಿದ್ದೇ ತಡ, ಮಾಳಿಗೆಯಲ್ಲಿದ್ದ ಹೊಗೆಯ ಗಂಟೆ ಬಡಿದು ಕಾವಲುಗಾರರು ಓಡಿ ಬಂದರು. ಸುಜಾತಾ ನಕ್ಕು ನಕ್ಕು ಹೊಲಿಗೆ ನೋಯುತ್ತವೆ ಎಂದು ಕೂಗಿದಳು. ಆ ದಿನ ಮಹಾದೇವಿಯೂ ನಕ್ಕಳು, ನನ್ನ ಕಡೆ ನೋಡದೆ.

ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಆಕೆ ಕೂಸಿನ ತಲೆಗೆ ಕಟ್ಟುವ ಕುಂಚಿಗೆಯೊಂದನ್ನು ಹೊಲಿದಳು. ಕೂಸು ನೋಡಲು ಬಂದ ಹೊಲಿಗೆ ಅಂಗಡಿಯ ಹೆಣ್ಣುಮಗಳು ಅದನ್ನು ತಿರುವಿ ತಿರುವಿ ನೋಡಿ, "ಈ ಕೈ ನನಗ ಬೇಕು, ಕಾಗದ ಮಾಡಸ್ರಿ" ಎಂದಳು. ಮಹಾದೇವಿಯ ಮುಖ ಅರಳಿದ್ದನ್ನು ನಾನು ಆರು ವರ್ಷದ ಮೇಲೆ ಕಂಡೆ. ಅಂಗಡಿಯಾಕೆ ಹೋದ ಮೇಲೆ ಮಲ್ಲಿಕಾರ್ಜುನ ಸುಜಾತಾಗೆ ಹೇಳುತ್ತಿದ್ದದ್ದು ಅಡುಗೆಮನೆಯಲ್ಲಿದ್ದ ನಮ್ಮಿಬ್ಬರಿಗೂ ಕೇಳಿಸಿತು.

"ನಿಮ್ಮ ಅಕ್ಕ ಸುಳ್ಳ ಹೇಳಿ ಹೆಸರ ಬರಸ್ಕೊಂಡು ಬಂದಾಳ. ಕೆಲಸಕ್ಕ ಕರಸಬೇಕಂದ್ರ ಜಾಮೀನು ನಾ ನಿಲ್ಲಬೇಕು. ಹೇಳಿದ ಮಾತು ಕೇಳದಾಕಿಗೆ ಹ್ಯಾಂಗ ನಿಲ್ಲಲಿ? ನಾಳೆ ನನ್ನ ಅನ್ನಕ್ಕ ಬರತೈತಿ. ಬ್ಯಾಡಂತ ಹೇಳಿಬಿಡು."

ನಾನು ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಮಹಾದೇವಿ ಒಲೆ ಸಣ್ಣ ಮಾಡಿ, ಮೆಲ್ಲಗೆ ಕೇಳಿದಳು: "ಅಕ್ಕಾ, ನೀ ಏನರ ಹೇಳೂದೈತೇನು?"

"ನಾ ಏನ ಹೇಳ್ಲಿ, ಅವರ ಮನಿ, ಅವರ ಮಾತು" ಎಂದೆ. ಮನೆಗೆ ದೊಡ್ಡವಳು, ತಾಯಿಯ ಜಾಗದಲ್ಲಿ ಬಂದವಳು, ಅಳಿಯನ ಮುಂದೆ ಸಣ್ಣವಳಾಗುವುದು ಹೇಗೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಆಕೆ ಮತ್ತೆ ಕೇಳಲಿಲ್ಲ. ಅಂದಿನಿಂದ ಬೇಕಾದಷ್ಟೇ ಮಾತು: ನೀರು ಕಾದಿವೆ, ಕೂಸು ಎದ್ದಿದೆ.

ಬರುವಾಗ ವಿಮಾನದಲ್ಲಿ ನನ್ನ ಬೆಲ್ಟ್ ಆಕೆಯೇ ಕಟ್ಟಿದಳು. ಬೆಂಗಳೂರಿನಿಂದ ರೈಲು ಹಿಡಿದು ಮರುದಿನ ಬೆಳಿಗ್ಗೆ ಬಾದಾಮಿಯಲ್ಲಿ ಇಳಿದೆವು. ಹೆರಿಗೆ ಸುಸೂತ್ರವಾದರೆ ಬನಶಂಕರಿಗೆ ಉಡಿ ತುಂಬುತ್ತೇನೆಂದು ಬೇಡಿಕೊಂಡಿದ್ದೆ. ಆಟೋ ಮಾಡಿಕೊಂಡು ಚೊಳಚಗುಡ್ಡಕ್ಕೆ ಹೋದೆವು. ಉಡಿ ತುಂಬಿ, ಕಾಯಿ ಒಡೆಸಿ, ಹೊರಗೆ ಹೊಂಡದ ಕಟ್ಟೆಯ ಹತ್ತಿರ ಬಂದಾಗ ರೊಟ್ಟಿ ಮಾರುವ ಮುದುಕಿಯೊಬ್ಬಳು ಬುಟ್ಟಿ ಇಳಿಸಿದಳು. ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ, ಕುಡಿಕೆಯಲ್ಲಿ ಕೆನೆಮೊಸರು.

"ಅಕ್ಕ ತಂಗಿ ಏನ್ರವ್ವಾ? ಮುಖಾ ಒಂದ ಅಚ್ಚಿನ್ಯಾಗ ಅದಾವ. ಒಂದ ತಾಟಿನ್ಯಾಗ ಹಾಕ್ಲೋ?"

"ಎರಡರಾಗ ಹಾಕಬೇ" ಎಂದಳು ಮಹಾದೇವಿ.

"ಯವ್ವಾ, ಜಗಳೇನ? ಹೊಂಡದ ನೀರ ನೋಡ್ಕೊಂತ ಉಣ್ಣಾಕ ಬಂದು ಸಿಟ್ಟ ಹಿಡಕೊಂಡು ಕೂಡಬಾರದವ್ವ, ಚಟ್ನಿ ಖಾರ ಆಗತೈತಿ" ಎಂದು ಮುದುಕಿ ಎರಡು ತಾಟು ಇಟ್ಟಳು.

ಸಣ್ಣವಳಿದ್ದಾಗ ನಾನು ಚೂರು ಮಾಡಿ ಕೊಡದಿದ್ದರೆ ಆಕೆ ರೊಟ್ಟಿ ಮುಟ್ಟುತ್ತಿರಲಿಲ್ಲ. ಈಗ ತನ್ನ ತಾಟು ಎತ್ತಿಕೊಂಡು ಕಟ್ಟೆಯ ಆ ಕೊನೆಗೆ ಹೋಗಿ ಕುಳಿತಳು. ನಾನು ತಾಟು ಕೆಳಗಿಟ್ಟೆ. ಎದ್ದು ಆಕೆಯ ಹತ್ತಿರ ಹೋಗಿ, ಅಲ್ಲೇ ನಿಂತು ಮಲ್ಲಿಕಾರ್ಜುನರಿಗೆ ಫೋನ್ ಹಚ್ಚಿದೆ. ಆಕೆಗೂ ಕೇಳಲಿ ಎಂದು ಸ್ಪೀಕರ್ ಒತ್ತಿದೆ.

"ಮುಟ್ಟಿದ್ರೇನ್ರಿ ದೊಡ್ಡಕ್ಕಾರ?"

"ಮುಟ್ಟೇವ್ರಿ. ಒಂದು ಮಾತು ಹೇಳಬೇಕ್ರಿ. ಉಂಡಿ ಕಟ್ಟಿದಾಕಿ ನಾ. ಗಸಗಸಿ ನಾ ಹಾಕಿದ್ದೆ. ಮಾದೇವಿಗೆ ಗೊತ್ತಿರಲಿಲ್ಲರಿ."

"ಇದನ್ನ ಈಗ ಹೇಳ್ತೀರೇನ್ರಿ ಅಕ್ಕಾರ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಆ ಅಂಗಡಿಯಾಕಿ ಮೊನ್ನೆ ಬ್ಯಾರೆಯವರನ್ನ ತಗೊಂಡ್ಳು. ಮಾದೇವಕ್ಕಾರಿಗೆ ನಾ ಅಂದದ್ದಕ್ಕ ನಾ ಮಾಫಿ ಕೇಳಬೇಕು. ಆಮ್ಯಾಲ ಮಾಡತೇನಿ." ಫೋನ್ ಇಟ್ಟರು.

ಮಹಾದೇವಿ ತುತ್ತು ಕೈಯಲ್ಲೇ ಹಿಡಿದು ಹೊಂಡದ ನೀರು ನೋಡುತ್ತಿದ್ದಳು. ರೊಟ್ಟಿಯ ಮುದುಕಿ, ಕಾಯಿ ಮಾರುವವರು, ಇನ್ನಾರೋ ನಾಲ್ಕು ಮಂದಿ ನಮ್ಮನ್ನೇ ನೋಡುತ್ತಿದ್ದರು. ನೋಡಲಿ ಎಂದು ಆಕೆಯ ಎದುರು ನೆಲದ ಮೇಲೆ ಕುಳಿತು, ದನಿ ತಗ್ಗಿಸದೆ ಹೇಳಿದೆ:

"ಮಾದೇವಿ, ಹಾಕಿಲ್ಲಂತ ನಿನಗ ಸುಳ್ಳ ಹೇಳಿದಾಕಿ ನಾ. ನಿನ್ನ ಒಳಗ ಕರಕೊಂಡು ಹೋಗೂವಾಗ ಬಿಟ್ಟು ಹೊರಗ ಬಂದಾಕಿ ನಾ. ಅಡಗಿಮನ್ಯಾಗ ನೀ ಬಾಯಿ ಬಿಟ್ಟು ಕೇಳಿದಾಗೂ ಸುಮ್ನ ಇದ್ದಾಕಿ ನಾ. ನಿನ್ನ ಕೆಲಸ ನಾ ತಿರುಗಿ ತಂದುಕೊಡಾಕ ಆಗಂಗಿಲ್ಲ. ತಪ್ಪಾತವ್ವ. ಅಕ್ಕ ಅಂತಲ್ಲ, ತಪ್ಪ ಮಾಡಿದಾಕಿ ಅಂತ ಕೇಳ್ಕೋತೇನಿ, ಹೊಟ್ಟ್ಯಾಗ ಹಾಕ್ಕೋ."