ಹಳ್ಳದಾಚೆಯ ದಿಬ್ಬ

ನಮ್ಮವ್ವ ಹುಟ್ಟಿದ್ದು ಶಿವಮೊಗ್ಗ ಜಿಲ್ಲೆಯಲ್ಲಿ, ಮುದುಕಿಯಾದದ್ದು ದಾವಣಗೆರೆ ಜಿಲ್ಲೆಯಲ್ಲಿ. ಊರು ಮಾತ್ರ ಅದೇ, ಹೊನ್ನಾಳಿ ತಾಲ್ಲೂಕಿನದು. ಅಕ್ಕನನ್ನು ಕೊಟ್ಟಿದ್ದ ಜಗಳೂರೂ ಚಿತ್ರದುರ್ಗ ಬಿಟ್ಟು ದಾವಣಗೆರೆಗೇ ಸೇರಿದಾಗ, ಮಗಳು ಪಕ್ಕದ ಓಣಿಗೆ ಬಂದಳೆಂಬಂತೆ ಅವ್ವ ಹಿಗ್ಗಿದ್ದಳು. ಬಸ್ಸಿನ ದಾರಿಯೇನೂ ಕಮ್ಮಿಯಾಗಲಿಲ್ಲ.

ಆಮೇಲೆ ನ್ಯಾಮತಿ ಬೇರೆ ತಾಲ್ಲೂಕಾಯಿತು. ಹಳ್ಳದಾಚೆಯ ಊರು ಅದಕ್ಕೆ ಹೋಯಿತು, ನಾವು ಹೊನ್ನಾಳಿಯಲ್ಲೇ ಉಳಿದೆವು. ಆದರೆ ನಮ್ಮೂರಿನವರನ್ನು ಮಣ್ಣು ಮಾಡುತ್ತಿದ್ದುದು ಹಳ್ಳದಾಚೆಯ ದಿಬ್ಬದಲ್ಲಿ. ಅಪ್ಪ ಅಲ್ಲಿದ್ದಾನೆ. ಅವನ ಪಕ್ಕ ಅವ್ವನಿಗೆಂದು ಜಾಗ ಬಿಟ್ಟು, ಗುರುತಿಗೆ ಒಂದು ಕಲ್ಲು ನೆಟ್ಟಿದ್ದೆವು.

ನಮ್ಮೂರಿನವರು ಬಳಸುವ ಸಾರ್ವಜನಿಕ ಜಾಗಗಳ ಪಟ್ಟಿ ಬೇಕು, ಅವು ಯಾವ ತಾಲ್ಲೂಕಿನಲ್ಲಿದ್ದರೂ ಸರಿ ಎಂದು ಅಧಿಕಾರಿಯೊಬ್ಬರು ಬಂದರು. ಹಿರಿಯರು ಕಾಯಿ ಒಡೆದು, ವಿಭೂತಿ ಹಚ್ಚಿಕೊಂಡು ಗುಡಿಯ ಕಟ್ಟೆಯ ಮೇಲೆ ಕೂತರು. ನಾನು ಊರ ಶಾಲೆಯ ಮೇಷ್ಟ್ರು; ಅಕ್ಷರ ದುಂಡಗಿದೆ ಎಂದು ಬರೆಯಲು ನನ್ನನ್ನೇ ಕೂರಿಸಿದರು. ಕೆರೆ, ಗುಂಡುತೋಪು, ಗೋಮಾಳ ಬರೆದೆ.

"ಆಚೆ ದಿಬ್ಬಾನೂ ಬರೀಲೇನ್ರಿ?" ಎಂದೆ.

ಹಿರಿಯರೊಬ್ಬರು ಕೈ ಅಡ್ಡ ಮಾಡಿದರು. "ಕಾಯಿ ಒಡೆದು ಕುಂತೀವಿ, ಈಗ ಅದರ ಹೆಸರು ಎತ್ತಬ್ಯಾಡ. ಅದೆಲ್ಲಿಗೆ ಹೋಗ್ತೈತೆ?"

ನಮ್ಮಲ್ಲಿ ಒಳ್ಳೆ ಕೆಲಸಕ್ಕೆ ಕೂತಾಗ ಸುಡುಗಾಡಿನ ಹೆಸರು ತೆಗೆಯುವುದಿಲ್ಲ, ಆ ದಿಕ್ಕಿಗೆ ಬೆರಳು ಕೂಡ ತೋರಿಸುವುದಿಲ್ಲ. ಓದಿದವನಾದ ನಾನೂ ತಲೆಯಾಡಿಸಿ ಪಟ್ಟಿಯ ಕೆಳಗೆ ಗೆರೆ ಎಳೆದೆ. ಎಲ್ಲರೂ ಸಹಿ ಹಾಕಿದರು.

ಸಂಜೆ ಅವ್ವ ಕೇಳಿದಳು: "ನಿಮ್ಮಪ್ಪನ ಜಾಗ ಬರೆದೇನೋ?"

"ನಿಂಗೇನು ಅಷ್ಟು ಅವಸರ?" ಎಂದು ಚೇಷ್ಟೆ ಮಾಡಿದೆ.

"ಅವಸರ ಇಲ್ಲಪ್ಪ. ಜಾಗ ಇದ್ರೆ ಸಾಕು."

ಇನ್ನೊಂದು ದಿನ ಸೇರಿಸಿದರಾಯಿತು ಎಂದುಕೊಂಡೆ. ಸೇರಿಸಲಿಲ್ಲ.

ಹೋದ ವರ್ಷ ಅವ್ವ ತೀರಿಕೊಂಡಳು. ಗುದ್ದಲಿ ಹಿಡಿದು ಹಳ್ಳ ದಾಟಿದರೆ ದಿಬ್ಬದ ಬೇಲಿಯ ಗೇಟಿಗೆ ಬೀಗ. ತಂತಿಬೇಲಿ ಕಟ್ಟಿ ತಿಂಗಳಾಗಿತ್ತು. ದನ ನುಗ್ಗದಿರಲಿ ಎಂದು ಹಾಕಿದ್ದಾರೆ ಅಂದುಕೊಂಡಿದ್ದೆವು. ಆಚೆ ಊರಿನವರು ದಿಬ್ಬವನ್ನು ಆಟದ ಮೈದಾನವೆಂದು ತಮ್ಮ ಪಟ್ಟಿಗೆ ಬರೆಸಿದ್ದರು. ಅವರ ಹಿರಿಯರು ಬಂದರು. ಜಗಳಕ್ಕಲ್ಲ, ಕೈಯಲ್ಲಿ ನಮ್ಮ ಪಟ್ಟಿಯ ಜೆರಾಕ್ಸ್ ಇತ್ತು.

"ನಮಗೇನು ಹಟ ಇಲ್ಲ ಮೇಷ್ಟ್ರೇ. ಇದರಾಗೆ ದಿಬ್ಬ ಎಲ್ಲೈತೆ ತೋರಿಸ್ರಿ. ನಿಮ್ದೇ ಅಕ್ಷರ ಅಲ್ಲೇನ್ರಿ?"

ನನ್ನದೇ. ಮಕ್ಕಳ ಕಾಪಿ ತಿದ್ದುವ ಅದೇ ದುಂಡು ಅಕ್ಷರ. ನಾಚಿಕೆಯಿಂದ ನೆಲ ನೋಡಿದೆ, ಆಮೇಲೆ ಕೈ ಮುಗಿದು ಬೇಡಿಕೊಂಡೆ. "ಇವತ್ತು ಒಬ್ರಿಗೆ ಬಿಟ್ರೆ ನಾಳೆ ಎಲ್ರಿಗೂ ಬಿಡಬೇಕಾಗ್ತೈತೆ" ಎಂದರು. ಕಟ್ಟೆಯ ಮೇಲೆ ಕೈ ಅಡ್ಡ ಮಾಡಿದ್ದ ನಮ್ಮ ಹಿರಿಯರು ಹೆಗಲ ಟವೆಲ್ಲು ಕೊಡವಿ ಹಳ್ಳದ ಕಡೆ ತಿರುಗಿದರು. ಅವರ ಮೇಲೆ ಬಂದ ಸಿಟ್ಟು ನನ್ನ ಮೇಲೇ ತಿರುಗಿತು.

ಕೊನೆಗೆ ನಮ್ಮ ಗದ್ದೆಯ ಮೂಲೆಯಲ್ಲೇ ಗುಂಡಿ ತೆಗೆದೆವು. ಸೊಂಟದಾಳಕ್ಕೆ ನೀರು ಜಿನುಗಿತು. ಬಕೆಟ್ಟಿನಿಂದ ಎಷ್ಟು ಎತ್ತಿ ಹಾಕಿದರೂ ನಿಲ್ಲಲಿಲ್ಲ. ಜಗಳೂರಿನಿಂದ ಬಂದಿಳಿದ ಅಕ್ಕ ಕೆಸರುಗಟ್ಟಿದ ಗುಂಡಿ ನೋಡಿ ನನ್ನ ತೋಳು ಹಿಡಿದು ಜಗ್ಗಿದಳು.

"ಅಪ್ಪನ ಪಕ್ಕ ಅಲ್ಲೇನೋ? ಅಪ್ಪ ಎಲ್ಲದಾನೋ ಇಲ್ಲಿಂದ?"

ಅವ್ವನ ಹೆಣ ಎದುರಿಗಿತ್ತು, ಊರಿಗೆ ಊರೇ ನಿಂತಿತ್ತು. ನಾನು ಹಳ್ಳದಾಚೆಗೆ ಬೆರಳೆತ್ತಿ ತೋರಿಸಿದೆ. ಬೇಲಿಯೊಳಗೆ ಅವ್ವನಿಗೆಂದು ನೆಟ್ಟ ಕಲ್ಲು ಕಾಣುತ್ತಿತ್ತು.